ಪೆಟ್ಟಿಗೆಯೊಳಗಿನ ಗುಮ್ಮಟ: ಅನುರಣನ ಅಗ್ಗವಾದ ಕಥೆ

ಶಾಲೆಯ ಪ್ರವಾಸದಲ್ಲಿ ವಿಜಯಪುರದ ಗೋಲಗುಂಬಜ ನೋಡಿದವರಿಗೆ ಆದಿಲ್‌ಶಾಹಿಗಳ ಇತಿಹಾಸ ಮರೆತಿರಬಹುದು, ಅಲ್ಲಿ ಕೂಗಿದ್ದು ಮರೆತಿರುವುದಿಲ್ಲ. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಗುಮ್ಮಟದ ಬುಡದ ಮೊಗಸಾಲೆಗೆ ಬಂದರೆ ಮಕ್ಕಳೆಲ್ಲ ತಮ್ಮ ತಮ್ಮ ಹೆಸರು ಕೂಗುತ್ತಿರುತ್ತಾರೆ. ಈ ತುದಿಯಲ್ಲಿ ಪಿಸುಗುಟ್ಟಿದ್ದು ಆ ತುದಿಯಲ್ಲಿ ಕೇಳುತ್ತದೆ. ಒಂದು ಚಪ್ಪಾಳೆ ಏಳೆಂಟು ಚಪ್ಪಾಳೆಯಾಗಿ ಮರಳುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಇದು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್, ನಡುವೆ ಒಂದೇ ಒಂದು ಕಂಬವಿಲ್ಲ. ಅಷ್ಟು ದೊಡ್ಡ ದನಿ ಬೇಕೆಂದರೆ ಅಷ್ಟು ದೊಡ್ಡ ಕಟ್ಟಡ ಬೇಕಿತ್ತು, ಅಷ್ಟು ದೊಡ್ಡ ಕಟ್ಟಡಕ್ಕೆ ಸುಲ್ತಾನನೇ ಬೇಕಿತ್ತು.

ಈಗ ಮನೆಯಲ್ಲೇ ಹಾಡು, ಕಥೆ, ಪಾಡ್‌ಕಾಸ್ಟ್ ರೆಕಾರ್ಡ್ ಮಾಡುವವರು ಕೇಳುವ ಪ್ರಶ್ನೆ ಬೇರೆ: "ಕಡಿಮೆ ದುಡ್ಡಿಗೆ ಒಳ್ಳೆಯ ರಿವರ್ಬ್ ಯಾವುದು?" ಈ ಪ್ರಶ್ನೆ ಕೇಳಲು ಸಾಧ್ಯವಾಗುವ ಹೊತ್ತಿಗೆ ಸುಮಾರು 90 ವರ್ಷಗಳ ಇತಿಹಾಸ ನಡೆದುಹೋಗಿದೆ. ಆ ಇತಿಹಾಸ ಗೊತ್ತಿದ್ದರೆ ಕೊಳ್ಳುವುದು ಸುಲಭ. ಏನನ್ನು ಕೊಳ್ಳಬೇಕಾಗಿಲ್ಲ ಎಂಬುದೂ ತಿಳಿಯುತ್ತದೆ.

ಮಾರ್ದನಿ ಬೇರೆ, ಅನುರಣನ ಬೇರೆ

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಕೂಗಿದ್ದು ತುಸು ತಡೆದು, ಬಿಡಿಬಿಡಿಯಾಗಿ ಮರಳಿ ಕೇಳಿದರೆ ಅದು ಮಾರ್ದನಿ, ಪ್ರತಿಧ್ವನಿ. ಇಂಗ್ಲಿಷಿನವರ ಎಕೋ. ಸಾವಿರಾರು ಪ್ರತಿಫಲನಗಳು ಒಂದರ ಮೇಲೊಂದು ಬಿದ್ದು, ಎಣಿಸಲಾಗದಂತೆ ಬೆರೆತು, ಮೆಲ್ಲಗೆ ಆರಿಹೋದರೆ ಅದು ಅನುರಣನ, ಅಂದರೆ ರಿವರ್ಬ್. ಜಾತ್ರೆಯ ಮೈಕ್ ಸೆಟ್‌ನವರು ಎರಡನ್ನೂ "ಎಕೋ" ಎಂದೇ ಕರೆಯುವುದರಿಂದ ನಮಗೆ ಗೊಂದಲ.

ಅನುರಣನ ನಮ್ಮ ಕಾವ್ಯಮೀಮಾಂಸೆಯ ಹಳೆಯ ಪದ. 9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿಸಿದ್ಧಾಂತವನ್ನು ಕಟ್ಟುವಾಗ, ವಾಚ್ಯಾರ್ಥ ಮುಗಿದ ಮೇಲೆ ಹೊಳೆಯುವ ಒಂದು ಬಗೆಯ ಅರ್ಥವನ್ನು ವಿವರಿಸಲು ಬಳಸಿಕೊಂಡದ್ದು ಗಂಟೆಯ ಹೋಲಿಕೆಯನ್ನೇ: ಪೆಟ್ಟು ನಿಂತ ಮೇಲೂ ಉಳಿಯುವ ನಾದ. ಆ ನಾದಕ್ಕೆ ಮೊದಲು ಪೆಟ್ಟು ಸ್ಪಷ್ಟವಾಗಿ ಕೇಳಿರಬೇಕು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ. ಕೊನೆಗೆ ಇದೇ ಮಾತಿಗೆ ಬರುತ್ತೇನೆ.

ದಿಂಬು ಹೊತ್ತ ಪ್ರಾಧ್ಯಾಪಕ, ನಾಗಪುರದ ಅಧಿಕಾರಿ

ಕಟ್ಟಡದ ದನಿಯನ್ನು ಅಳೆಯಬಹುದು ಎಂದು ತೋರಿಸಿದವನು ಹಾರ್ವರ್ಡ್‌ನ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೊಠಡಿ ಯಾರಿಗೂ ಬೇಡವಾಗಿತ್ತು. ಆಡಿದ ಮಾತು ಐದು ಸೆಕೆಂಡಿಗೂ ಮೇಲೆ ಗುಂಯ್‌ಗುಟ್ಟುತ್ತಿತ್ತು. ಸರಿಪಡಿಸುವ ಕೆಲಸ ಸಬೈನ್‌ಗೆ ಬಂತು. ಅವನು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನದ ದಿಂಬುಗಳನ್ನು ಹೊತ್ತು ತಂದು, ಹಾಸಿ, ಆರ್ಗನ್ ಕೊಳವೆಯನ್ನು ನುಡಿಸಿ, ನಾದ ಆರುವುದಕ್ಕೆ ಎಷ್ಟು ಹೊತ್ತು ಬೇಕೆಂದು ಎಣಿಸಿದ. ದಿಂಬು ಹೆಚ್ಚಿದಂತೆ ಹೊತ್ತು ಕಡಿಮೆಯಾಯಿತು. ಇದರಿಂದ ಹುಟ್ಟಿದ ಸೂತ್ರ ಸರಳ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆ ಎಷ್ಟು ಸದ್ದನ್ನು ಹೀರುತ್ತದೋ ಅದರಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ಸಿಗುತ್ತವೆ. ಈ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಇದನ್ನು ನಮ್ಮ ಮನೆಗೇ ಹಚ್ಚಿ ನೋಡಬಹುದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಖಾಲಿ ಕೋಣೆ ಎನ್ನಿ. ಗೋಡೆಗೆ ಗಾರೆ, ನೆಲಕ್ಕೆ ಟೈಲ್ಸ್. ಘನ ಅಳತೆ ಸುಮಾರು 34 ಘನ ಮೀಟರ್. ಗಾರೆ ಮತ್ತು ಟೈಲ್ಸ್ ಸದ್ದಿನ ನೂರರಲ್ಲಿ ಮೂರು ಪಾಲನ್ನಷ್ಟೇ ಹೀರುತ್ತವೆ ಎಂದುಕೊಂಡರೆ ಅನುರಣನ ಎರಡೂವರೆ ಸೆಕೆಂಡು ದಾಟುತ್ತದೆ. ಅದೇ ಕೋಣೆಗೆ ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ಕಪಾಟು, ಗೋಡೆಗೊಂದು ಕೌದಿ ಬಂದರೆ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಸಬೈನ್ ದಿಂಬಿನಿಂದ ಮಾಡಿದ್ದನ್ನು ಉತ್ತರ ಕರ್ನಾಟಕದ ಅಜ್ಜಿಯ ಕೌದಿಯೂ ಮಾಡುತ್ತದೆ.

ಪಿಸುಗುಟ್ಟುವ ಗುಮ್ಮಟಗಳ ಕಥೆಗೆ ನಾನಿರುವ ನಾಗಪುರದ ಎಳೆಯೂ ಇದೆ. ಸಿ.ವಿ. ರಾಮನ್ ಹಣಕಾಸು ಇಲಾಖೆಯ ಅಧಿಕಾರಿಯಾಗಿ 1910ರ ಸುಮಾರಿಗೆ ಇಲ್ಲಿದ್ದರು. ಮುಂದೆ ಕಲ್ಕತ್ತೆಗೆ ಹೋಗಿ, ಕೆಲಸ ಬಿಟ್ಟು ವಿಜ್ಞಾನವನ್ನೇ ಹಿಡಿದರು. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಹೇಗೆ ಸಾಗುತ್ತದೆ ಎಂದು ಪ್ರಯೋಗ ಮಾಡಿದರು. ಮರಳಿದ ಮೇಲೆ ಇಲ್ಲಿನ ಗುಮ್ಮಟಗಳ ಕಡೆಗೂ ತಿರುಗಿ ಗೋಲಗುಂಬಜದ ಬಗ್ಗೆಯೂ ಬರೆದರು. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಇಂದು ನಾಗಪುರದಲ್ಲಿ ಅವರ ಹೆಸರಿನ ವಿಜ್ಞಾನ ಕೇಂದ್ರವಿದೆ.

ಬಚ್ಚಲುಮನೆಯಿಂದ ಉಕ್ಕಿನ ಹಾಳೆಗೆ

ಕಟ್ಟಡದ ದನಿಯನ್ನು ಅಳೆದದ್ದಾಯಿತು. ಅದನ್ನು ರೆಕಾರ್ಡಿಗೆ ಸೇರಿಸುವುದು ಮುಂದಿನ ಕಥೆ. 1902ರಲ್ಲಿ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಗೌಹರ್ ಜಾನ್ ಹಾಡಿದ್ದು ಕಹಳೆಯಂಥ ಕೊಳವೆಗೆ. ವಿದ್ಯುತ್ತಿನ ನೆರವಿಲ್ಲದೆ ಮೇಣದ ಮೇಲೆ ಗೀರುವ ಆ ವಿಧಾನಕ್ಕೆ ಹತ್ತಿರದ ಗಟ್ಟಿ ಸದ್ದಷ್ಟೇ ಗೊತ್ತು, ಗೋಡೆಯಿಂದ ಮರಳುವ ಮೆಲುದನಿ ಮೇಣ ಮುಟ್ಟುವುದೇ ಕಷ್ಟ. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡುವವರು ಇದ್ದಾರೆ, ಕೋಣೆ ಇಲ್ಲ. 1925ರ ಸುಮಾರಿಗೆ ಮೈಕ್ರೋಫೋನ್ ಬಂದ ಮೇಲೆ ಕೋಣೆಯೂ ಕೇಳತೊಡಗಿತು, ಕೂಡಲೇ ಇನ್ನೂ ದೊಡ್ಡ ಕೋಣೆಯ ಆಸೆಯೂ ಹುಟ್ಟಿತು.

ಉಪಾಯ ನೇರವಾಗಿತ್ತು. ಖಾಲಿ ಕೋಣೆಯೊಂದರಲ್ಲಿ ಸ್ಪೀಕರ್ ಇಟ್ಟು ಹಾಡು ಬಿಡುವುದು, ಇನ್ನೊಂದು ಮೂಲೆಯ ಮೈಕಿನಲ್ಲಿ ಅದರ ಗುಂಯ್‌ಗುಡುವಿಕೆಯನ್ನು ಹಿಡಿದು ಮೂಲ ಹಾಡಿಗೆ ಬೆರೆಸುವುದು. 1947ರಲ್ಲಿ ಷಿಕಾಗೋದ ಬಿಲ್ ಪಟ್ನಮ್ ಹಾರ್ಮೋನಿಕ್ಯಾಟ್ಸ್ ತಂಡದ ರೆಕಾರ್ಡಿಗೆ ಸ್ಟುಡಿಯೋದ ಬಚ್ಚಲುಮನೆಯನ್ನೇ ಬಳಸಿದ. ಬಚ್ಚಲಲ್ಲಿ ಹಾಡಿದರೆ ಯಾರ ಕಂಠವೂ ಚೆನ್ನಾಗಿ ಕೇಳುತ್ತದೆ ಎಂದು ನಮಗೆಲ್ಲ ಗೊತ್ತು. ಅವನು ಅದನ್ನು ಉದ್ಯಮವಾಗಿಸಿದ.

ಆದರೆ ಇದಕ್ಕೊಂದು ಖಾಲಿ ಕೋಣೆ ಬೇಕು, ನಗರದಲ್ಲಿ ಖಾಲಿ ಕೋಣೆಗೆ ಬಾಡಿಗೆ ಇದೆ. ಹಾಗಾಗಿ ಮುಂದಿನ ಪ್ರಯತ್ನವೆಲ್ಲ ಕೋಣೆಯನ್ನು ಕುಗ್ಗಿಸುವುದೇ. 1930ರ ದಶಕದಲ್ಲೇ ಹ್ಯಾಮಂಡ್ ಆರ್ಗನ್‌ಗಾಗಿ ಲೋಹದ ಸ್ಪ್ರಿಂಗಿನ ಮೂಲಕ ದನಿ ಹಾಯಿಸುವ ವಿಧಾನ ಬಂತು, 1961ರಲ್ಲಿ ಫೆಂಡರ್ ಕಂಪನಿ ಗಿಟಾರಿನವರಿಗಾಗಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೆಳು ಉಕ್ಕಿನ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಕಂಪಿಸುವಂತೆ ಮಾಡಿತು. ಅದರ ತೂಕ ಸುಮಾರು 270 ಕಿಲೋ. ಕೋಣೆಗೆ ಹೋಲಿಸಿದರೆ ಅದೇ ಚಿಕ್ಕದು! 1974ರಲ್ಲಿ ಬಂದ ರೋಲೆಂಡ್‌ನ ಸ್ಪೇಸ್ ಎಕೋ, ಸುತ್ತುತ್ತಲೇ ಇರುವ ಟೇಪಿನಿಂದ ಮಾರ್ದನಿ ಹುಟ್ಟಿಸಿತು.

ಲೆಕ್ಕದಲ್ಲಿ ಕಟ್ಟಿದ ಕೋಣೆ

ನಿಜವಾದ ತಿರುವು ಬಂದದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. 1960ರ ದಶಕದ ಆರಂಭದಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್, ಗೋಡೆಯೂ ಬೇಡ, ಸ್ಪ್ರಿಂಗೂ ಬೇಡ, ಲೆಕ್ಕವೇ ಸಾಕು ಎಂದ. ದನಿಯ ಒಂದೊಂದು ಪ್ರತಿಯನ್ನು ಒಂದೊಂದು ಹೊತ್ತು ತಡೆದು, ಸ್ವಲ್ಪ ತಗ್ಗಿಸಿ, ಮತ್ತೆ ಒಳಕ್ಕೆ ಬಿಡುವುದು. ತಡೆಯುವ ಹೊತ್ತುಗಳು ಒಂದಕ್ಕೊಂದು ಹೊಂದದಂತೆ ಆರಿಸಿದರೆ ಕಿವಿ ಅದನ್ನು ಕೋಣೆ ಎಂದೇ ನಂಬುತ್ತದೆ. ಇದನ್ನು ಮೊದಲು ಮಾರುಕಟ್ಟೆಗೆ ತಂದ ಡಿಜಿಟಲ್ ಯಂತ್ರ 1976ರ ಇಎಂಟಿ 250. ಬೆಲೆ ಸುಮಾರು 20,000 ಡಾಲರ್. ಹತ್ತು ವರ್ಷ ಕಳೆದು 1986ರಲ್ಲಿ ಅಲೆಸಿಸ್ ಕಂಪನಿಯ ಮಿಡಿವರ್ಬ್ 400 ಡಾಲರಿನೊಳಗೆ ಬಂತು. ಗುಣದಲ್ಲಿ ಎರಡೂ ಸಮವಲ್ಲ. ಆದರೂ ಸಾಮಾನ್ಯರು ಮನೆಯಲ್ಲಿ ಕೂತು ದೊಡ್ಡ ಸಭಾಂಗಣದ ದನಿ ಪಡೆದದ್ದು ಅಲ್ಲಿಂದ.

2000ದ ಹೊತ್ತಿಗೆ ಬೆಲೆ ಸೊನ್ನೆ ಮುಟ್ಟಿತು. ಶ್ರೋಡರ್‌ನ ಆಲೋಚನೆಯ ಮೇಲೆಯೇ ಕಟ್ಟಿದ ಫ್ರೀವರ್ಬ್ ಎಂಬ ಪ್ರೋಗ್ರಾಮನ್ನು ಬರೆದವರು ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. ಉಚಿತವಾಗಿ ಸಿಗುವ ಆಡಾಸಿಟಿಯ ರಿವರ್ಬ್ ಅದರ ವಂಶದ್ದೇ. ಇನ್ನೊಂದು ದಾರಿಯೂ ತೆರೆಯಿತು. ನಿಜವಾದ ಕಟ್ಟಡದಲ್ಲಿ ಬಲೂನು ಒಡೆದು ಅದು ಆರುವುದನ್ನು ರೆಕಾರ್ಡ್ ಮಾಡಿಕೊಂಡರೆ, ಕನ್ವಲ್ಯೂಷನ್ ಎಂಬ ಲೆಕ್ಕದ ಮೂಲಕ ಆ ಕಟ್ಟಡವನ್ನು ಯಾವ ಕಂಠದ ಸುತ್ತಲೂ ಕಟ್ಟಬಹುದು. ಸುಲ್ತಾನನಿಗಷ್ಟೇ ಸಾಧ್ಯವಿದ್ದದ್ದು ಈಗ ಲ್ಯಾಪ್‌ಟಾಪಿನ ಒಂದು ಫೈಲು.

ಹಾಗಾದರೆ ಏನು ಕೊಳ್ಳಬೇಕು?

ಮಾತನ್ನೋ ಹಾಡನ್ನೋ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ತಿದ್ದುವವರು ರಿವರ್ಬ್‌ಗೆಂದು ಪೆಟ್ಟಿಗೆ ಕೊಳ್ಳಬೇಕಾಗಿಲ್ಲ. ಉಚಿತ ಸಾಫ್ಟ್‌ವೇರ್ ಧಾರಾಳ ಸಾಕು. ಆ ದುಡ್ಡು ಪರದೆಗೆ, ಕಂಬಳಿಗೆ, ಒಳ್ಳೆಯ ಮೈಕಿಗೆ ಹೋಗಲಿ. ಕೋಣೆಯ ಗುಂಯ್‌ಗುಡುವಿಕೆ ರೆಕಾರ್ಡಿನಲ್ಲಿ ಸೇರಿಬಿಟ್ಟರೆ ಅದನ್ನು ಪೂರ್ತಿ ತೆಗೆಯುವುದು ಆಗದ ಕೆಲಸ. ಚಿಕ್ಕ ಕೋಣೆಯ ಮೇಲೆ ದೊಡ್ಡ ಕೋಣೆಯನ್ನು ಹೇರಿದರೆ ಎರಡೂ ಕೇಳುತ್ತವೆ. ನಾಗಪುರದಲ್ಲಿ ಇದರ ಜೊತೆಗೆ ಕೂಲರ್ ಬೇರೆ. ಮೇ ತಿಂಗಳ 45 ಡಿಗ್ರಿಯಲ್ಲಿ ಅದನ್ನು ಆರಿಸಿ ಒಂದು ಪುಟ ಓದುವಷ್ಟರಲ್ಲಿ ಬೆವರಿಳಿಯುತ್ತದೆ. ನಾನು ಅನುವಾದಿಸಿದ್ದನ್ನು ಓದಿ ರೆಕಾರ್ಡ್ ಮಾಡುವುದು ಬೆಳಗಿನ ಐದು ಗಂಟೆಗೆ.

ಪೆಟ್ಟಿಗೆ ನಿಜಕ್ಕೂ ಬೇಕಾಗುವುದು ಇಬ್ಬರಿಗೆ. ವೇದಿಕೆಯ ಮೇಲೆ ನುಡಿಸುವವರಿಗೆ, ಮತ್ತು ಹೆಡ್‌ಫೋನಿನಲ್ಲಿ ತಮ್ಮ ಒಣ ಕಂಠ ಕೇಳಿ ಹಾಡಲಾಗದವರಿಗೆ. ಕಂಪ್ಯೂಟರಿನ ಮೂಲಕ ಹಾಯ್ದು ಬಂದ ದನಿ ಒಂದು ಕ್ಷಣ ತಡವಾಗಿ ಕೇಳಿ ತಾಳ ತಪ್ಪಿಸಬಹುದು, ಪೆಟ್ಟಿಗೆಯಲ್ಲಿ ಆ ಕಾಟ ಬಹಳ ಕಡಿಮೆ. ಹೀಗೆ ಬಳಸುವಾಗಲೂ ಅನುರಣನ ಹಾಡುವವರ ಕಿವಿಗಷ್ಟೇ ಹೋಗಲಿ, ರೆಕಾರ್ಡ್ ಒಣಗಿಯೇ ಇರಲಿ.

ಕೊಳ್ಳುವಾಗ ನೂರೆಂಟು ಪರಿಣಾಮಗಳ ಪಟ್ಟಿಗೆ ಮರುಳಾಗಬೇಡಿ. ನೋಡಬೇಕಾದ್ದು ನಾಲ್ಕು. ನಾದ ಆರುವ ಹೊತ್ತನ್ನು ಒಂದು ಸೆಕೆಂಡಿಗಿಂತ ಕೆಳಗೆ ಇಳಿಸಬಹುದೇ? ಮೂಲ ದನಿಗೂ ಅನುರಣನಕ್ಕೂ ನಡುವಿನ ಅಂತರವನ್ನು, ಅಂದರೆ ಪ್ರಿ-ಡಿಲೇಯನ್ನು, ಹೊಂದಿಸಬಹುದೇ? ಬಾಲದ ಚೂಪು ಸದ್ದನ್ನು ತಗ್ಗಿಸಬಹುದೇ? ಒಣ ದನಿ ಎಷ್ಟು, ಒದ್ದೆ ದನಿ ಎಷ್ಟು ಎಂದು ಬೆರೆಸಬಹುದೇ? ಈ ನಾಲ್ಕಿದ್ದರೆ ಅಗ್ಗದ್ದೂ ಸಾಕು.

ಕತೆಯೋ ಕತ್ತೆಯೋ

ಇಷ್ಟು ಜಿಪುಣತನ ಯಾಕೆ ಎಂದು ಕೇಳಬಹುದು. ಉತ್ತರ ನಮ್ಮ ಭಾಷೆಯಲ್ಲಿದೆ. ಕನ್ನಡದಲ್ಲಿ "ಕತೆ"ಗೂ "ಕತ್ತೆ"ಗೂ ಕಿವಿಗೆ ಸಿಗುವ ಮುಖ್ಯ ವ್ಯತ್ಯಾಸ ಒಂದು ಮೌನ. ನಾಲಿಗೆ ಹಲ್ಲಿಗೆ ಒತ್ತಿ ನಿಲ್ಲುವ ಹೊತ್ತು "ಕತ್ತೆ"ಯಲ್ಲಿ ಹೆಚ್ಚು, ಅಷ್ಟೇ. ಆ ಮೌನ ಸೆಕೆಂಡಿನ ಒಂದು ಸಣ್ಣ ಚೂರು. ಎರಡು ಸೆಕೆಂಡಿನ ಅನುರಣನ ಹಾಕಿದರೆ ಹಿಂದಿನ ಸ್ವರದ ಬಾಲ ಆ ಬಿಡುವಿನೊಳಗೆ ಸುರಿದು ಅದನ್ನು ತುಂಬಿಬಿಡುತ್ತದೆ. ಕಟ್ಟು-ಕಟು ಕೂಡ ಒಂದರೊಳಗೊಂದು ಕರಗತೊಡಗುತ್ತವೆ. ಗೋಲಗುಂಬಜದಲ್ಲಿ ಒಂದು ಗೋಡೆಯಿಂದ ಹೊರಟ ದನಿ ಎದುರು ಗೋಡೆ ಮುಟ್ಟಿ ಮರಳಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ನಾವು ಮುಂದಿನ ಅಕ್ಷರಕ್ಕೆ ಹೋಗಿರುತ್ತೇವೆ. ಅಲ್ಲಿ ಹೆಸರು ಕೂಗಬಹುದು, ಮಾತು ಆಡಲಾಗದು.

ಈ ಮಾತು ಹೆಚ್ಚು ಅನ್ವಯಿಸುವುದು ಮನೆಯ ಹಿರಿಯರ ದನಿಗೆ. ಕನ್ನಡನಾಡಿನಿಂದ ದೂರವಿರುವ ಎಷ್ಟೋ ಮನೆಗಳಲ್ಲಿ ಸೋಬಾನೆ ಪದ, ಬೀಸುವ ಪದ, ಊರಿನ ಒಳನುಡಿ ಗೊತ್ತಿರುವವರು ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಮೊಬೈಲಿನಲ್ಲಿ ಹಿಡಿದು, "ಚೆಂದ ಕೇಳಲಿ" ಎಂದು ಗುಡಿಯ ಅನುರಣನ ಹಾಕಿ, ಮೂಲವನ್ನು ಅಳಿಸಿಬಿಡುವುದು ಸುಲಭ. ಐವತ್ತು ವರ್ಷದ ಮೇಲೆ ಯಾರಾದರೂ ಆ ನುಡಿಯ ಒತ್ತು, ದೀರ್ಘ, ಉಸಿರು ಹುಡುಕಿಕೊಂಡು ಬಂದರೆ ಅವರಿಗೆ ಸಿಗುವುದು ಎಲ್ಲೂ ಇಲ್ಲದ ಒಂದು ಗುಡಿ. ಅಜ್ಜಿ ಅದರ ಹಿಂದೆಲ್ಲೋ ಇರುತ್ತಾರೆ.

ಅನುರಣನವನ್ನು ಯಾವಾಗ ಬೇಕಾದರೂ ಸೇರಿಸಬಹುದು, ಅದಕ್ಕೀಗ ದುಡ್ಡೂ ಬೇಡ. ಒಣ ದನಿ ಒಮ್ಮೆ ಹೋದರೆ ಹೋಯಿತು. ಆದ್ದರಿಂದ ಹಾಡು ಹಂಚುವ ಮೊದಲು, ಏನನ್ನೂ ಬೆರೆಸದ ಫೈಲನ್ನು ಹಾಡಿದವರ ಹೆಸರು, ಊರು, ತಾರೀಖಿನ ಜೊತೆ ಎರಡು ಕಡೆ ಎತ್ತಿಡಿ. ಗಂಟೆಯ ನಾದವನ್ನು ಮುಂದಿನವರು ತಮಗೆ ಬೇಕಾದಷ್ಟು ಕಟ್ಟಿಕೊಳ್ಳುತ್ತಾರೆ, ಅವರಿಗೆ ನಾವು ಕೊಡಬೇಕಾದ್ದು ಪೆಟ್ಟು.