ಹುಬ್ಬಳ್ಳಿಯ ಹಳೆಯ ಚಿತ್ರಮಂದಿರಗಳು
ಹಳೆಯ ಚಿತ್ರಮಂದಿರಗಳೆಂದರೆ ಊರವರ ಬಾಯಲ್ಲಿ ಟಾಕೀಜುಗಳು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಾಗ ಹುಬ್ಬಳ್ಳಿ ಮುಂಬಯಿ ಪ್ರಾಂತದಲ್ಲಿತ್ತು. 1956ರ ಕರ್ನಾಟಕ ಏಕೀಕರಣದ ನಂತರವೂ ಇಲ್ಲಿ ಹಿಂದಿ ಚಿತ್ರಗಳ ಸೆಳೆತ ಕುಗ್ಗಲಿಲ್ಲ. ದೇಶಪಾಂಡೆ ನಗರದ ಸವಾಯಿ ಗಂಧರ್ವ ಸಭಾಭವನ ಸಂಗೀತ, ನಾಟಕಗಳ ನೆಲೆ. ಸಿನಿಮಾಕ್ಕೆ ಸುಧಾ, ಸುಜಾತಾ, ಅಪ್ಸರಾ, ರೂಪಂ ಮುಂತಾದವು ಮನೆಮಾತಾಗಿದ್ದವು. ಇಂಥ ಮಂದಿರಗಳ ಹಳೆಯ ಪ್ರೊಜೆಕ್ಟರುಗಳಲ್ಲಿ ಎರಡು ಇಂಗಾಲದ ಕಡ್ಡಿಗಳ ನಡುವೆ ಹೊತ್ತುವ ವಿದ್ಯುತ್ ಕಿಡಿಯೇ ಬೆಳಕಾಗಿತ್ತು. ಕಡ್ಡಿ ಸವೆದಂತೆಲ್ಲ ಆಪರೇಟರ್ ಅವನ್ನು ಹತ್ತಿರ ಸರಿಸಬೇಕಿತ್ತು, ಒಂದು ರೀಲು ಮುಗಿಯುವಷ್ಟರಲ್ಲಿ ಎರಡನೆಯ ಯಂತ್ರವನ್ನು ಸಜ್ಜುಗೊಳಿಸಬೇಕಿತ್ತು. ತೆರೆಯ ಮೇಲೆ ಹೆಸರೇ ಬಾರದ ಈ ಕಸುಬುದಾರರಿಗೆ ನಟರಷ್ಟೇ ಗೌರವ ಸಲ್ಲಬೇಕು. ಡಿಜಿಟಲ್ ಪ್ರದರ್ಶನ ಬಂದ ಮೇಲೆ ರೀಲಿನ ಡಬ್ಬಿಗಳ ಸಾಗಾಟ ನಿಂತಿತು. ಮಲ್ಟಿಪ್ಲೆಕ್ಸುಗಳು ಏಕತೆರೆ ಮಂದಿರಗಳ ಪ್ರೇಕ್ಷಕರನ್ನು ಸೆಳೆದವು.