ಕಿಟಕಿಯ ಬೆಳಕಿನಲ್ಲಿ ರೂಪದರ್ಶಿಯ ಛಾಯಾಚಿತ್ರ: ತಿಳಿದಿರಬೇಕಾದ ಸಂಗತಿಗಳು

ರೂಪದರ್ಶಿಯಾಗಿ ವೃತ್ತಿ ಆರಂಭಿಸಬಯಸುವವರಿಗೆ ಮೊದಲು ಬೇಕಾಗುವುದು ತಮ್ಮ ಛಾಯಾಚಿತ್ರಗಳ ಸಂಪುಟ, ಅಂದರೆ ಪೋರ್ಟ್‌ಫೋಲಿಯೊ. ಸ್ಟುಡಿಯೊ ಬಾಡಿಗೆ, ದೀಪಗಳು, ಸಹಾಯಕರು ಎಂದು ಲೆಕ್ಕ ಹಾಕುತ್ತ ಹೋದರೆ ಇದರ ವೆಚ್ಚ ಅನೇಕರ ಕೈಗೆಟುಕದು. ಆದರೆ ದೊಡ್ಡ ಕಿಟಕಿಯುಳ್ಳ ಒಂದು ಕೋಣೆ ಹಾಗೂ ಸಾಧಾರಣ ಕ್ಯಾಮೆರಾ ಇದ್ದಲ್ಲಿ ವೃತ್ತಿಗೆ ಯೋಗ್ಯವಾದ ಭಾವಚಿತ್ರಗಳನ್ನು ಮನೆಯಲ್ಲಿಯೇ ತೆಗೆಯುವುದು ಸಾಧ್ಯ. ದೀಪವನ್ನು ಬೇಕಾದ ಕಡೆಗೆ ಸರಿಸಬಹುದು, ಕಿಟಕಿಯನ್ನು ಸರಿಸಲಾಗದು. ಆದ್ದರಿಂದ ಇಲ್ಲಿ ಸ್ಥಳ ಬದಲಿಸಬೇಕಾದವರು ರೂಪದರ್ಶಿ ಮತ್ತು ಛಾಯಾಗ್ರಾಹಕರು. ಈ ಕಲೆಯ ಬಹುಪಾಲು ಈ ಒಂದು ಮಾತಿನಲ್ಲಿ ಅಡಗಿದೆ.

ಹಳೆಯ ಪದ್ಧತಿ

ವಿದ್ಯುದ್ದೀಪಗಳು ಬಳಕೆಗೆ ಬರುವ ಮುನ್ನ ಭಾವಚಿತ್ರದ ಸ್ಟುಡಿಯೊಗಳು ಗಾಜಿನ ಮಾಡು ಅಥವಾ ದೊಡ್ಡ ಕಿಟಕಿಗಳನ್ನೇ ಅವಲಂಬಿಸಿದ್ದವು. ಕಲ್ಕತ್ತೆಯಲ್ಲಿ 1815ರಲ್ಲಿ ಜನಿಸಿದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್, ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ತಮ್ಮ ಮನೆಯ ಕೋಳಿಗೂಡನ್ನು ಗಾಜಿನ ಮನೆಯಾಗಿ ಮಾರ್ಪಡಿಸಿಕೊಂಡು ವಿಶ್ವವಿಖ್ಯಾತ ಭಾವಚಿತ್ರಗಳನ್ನು ತೆಗೆದರು. ವಿದ್ಯುತ್ತಿನ ಯುಗದಲ್ಲಿಯೂ ಈ ಪದ್ಧತಿ ಮರೆಯಾಗಲಿಲ್ಲ. ಅಮೆರಿಕದ ಫ್ಯಾಷನ್ ಛಾಯಾಗ್ರಾಹಕ ಇರ್ವಿಂಗ್ ಪೆನ್ 1948ರಲ್ಲಿ ಪೆರು ದೇಶದ ಕುಸ್ಕೊ ನಗರದ ಸ್ಥಳೀಯ ಸ್ಟುಡಿಯೊವೊಂದನ್ನು ಬಾಡಿಗೆಗೆ ಪಡೆದು, ಅಲ್ಲಿಯ ಜನರನ್ನು ಹಗಲ ಬೆಳಕಿನಲ್ಲಿಯೇ ಚಿತ್ರಿಸಿದರು.

ಕಠಿಣ ಬೆಳಕು, ಮೃದು ಬೆಳಕು

ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪಾಗುತ್ತದೆ, ದೊಡ್ಡದಾದಷ್ಟೂ ಮೃದುವಾಗುತ್ತದೆ. ಸೂರ್ಯನು ನಮ್ಮ ಕಣ್ಣಿಗೆ ಚಿಕ್ಕ ಬಿಂಬ. ಆದುದರಿಂದ ನೇರ ಬಿಸಿಲು ಮುಖದ ಮೇಲೆ ಕಿಟಕಿಯ ಸರಳುಗಳ ಗೆರೆಯನ್ನು ಸ್ಪಷ್ಟವಾಗಿ ಮೂಡಿಸುತ್ತದೆ. ಆಕಾಶದಿಂದ ಬರುವ ಬೆಳಕಿಗಾದರೋ ಇಡೀ ಕಿಟಕಿಯೇ ಮೂಲವಾಗುವುದರಿಂದ ಸರಳುಗಳ ನೆರಳು ಬಹುತೇಕ ಕಾಣುವುದಿಲ್ಲ.

ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೆಳುವಾದ ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿದರೆ ಸಾಕು, ಆ ಬಟ್ಟೆಯೇ ದೊಡ್ಡ ದೀಪವಾಗಿ ಪರಿಣಮಿಸುತ್ತದೆ. ಬಣ್ಣದ ಪರದೆ ಸಲ್ಲದು. ಅದರ ಬಣ್ಣ ಮುಖಕ್ಕೂ ಹತ್ತುತ್ತದೆ.

ಯಾವ ದಿಕ್ಕಿನ ಕಿಟಕಿ?

ಉತ್ತರದ ಕಿಟಕಿಯೇ ಶ್ರೇಷ್ಠವೆಂದು ಪಾಶ್ಚಾತ್ಯ ಪುಸ್ತಕಗಳು ಹೇಳುತ್ತವೆ. ಯುರೋಪಿನಲ್ಲಿ ಮಧ್ಯಾಹ್ನದ ಸೂರ್ಯನು ವರ್ಷವಿಡೀ ದಕ್ಷಿಣಕ್ಕೇ ಇರುವುದು ಇದಕ್ಕೆ ಕಾರಣ. ಕರ್ನಾಟಕವು ಉಷ್ಣವಲಯದಲ್ಲಿರುವುದರಿಂದ ಈ ನಿಯಮ ಇಲ್ಲಿ ಪೂರ್ಣವಾಗಿ ಅನ್ವಯಿಸದು. ಬೆಂಗಳೂರಿನಲ್ಲಿ ಸುಮಾರು ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯೋದಯ, ಸೂರ್ಯಾಸ್ತಗಳೂ ಉತ್ತರದ ಕಡೆಗೆ ವಾಲಿರುತ್ತವೆ. ಹೀಗಾಗಿ ಬೇಸಿಗೆಯ ಬೆಳಗು ಹಾಗೂ ಸಂಜೆಗಳಲ್ಲಿ ಉತ್ತರದ ಕಿಟಕಿಗೂ ಓರೆಯಾಗಿ ಬಿಸಿಲು ಬರುತ್ತದೆ.

ಉಳಿದ ದಿಕ್ಕುಗಳ ಲೆಕ್ಕ ಸುಲಭ. ಪೂರ್ವದ ಕಿಟಕಿಯನ್ನು ಮಧ್ಯಾಹ್ನದ ನಂತರವೂ ಪಶ್ಚಿಮದ ಕಿಟಕಿಯನ್ನು ಮಧ್ಯಾಹ್ನಕ್ಕೆ ಮೊದಲೂ ಬಳಸಿದರೆ ನೇರ ಬಿಸಿಲಿನ ತೊಂದರೆ ಇರುವುದಿಲ್ಲ. ಮಳೆಗಾಲದ ಮೋಡ ಕವಿದ ದಿನ ಯಾವ ಕಿಟಕಿಯಾದರೂ ಆದೀತು. ಬೆಳಕಿನ ಪ್ರಮಾಣ ಮಾತ್ರ ಕಡಿಮೆ.

ರೂಪದರ್ಶಿಯ ಸ್ಥಾನ

ಕಿಟಕಿಯಿಂದ ಮೂರು–ನಾಲ್ಕು ಅಡಿ ದೂರವು ಪ್ರಯೋಗ ಆರಂಭಿಸಲು ತಕ್ಕ ಸ್ಥಳ. ಹತ್ತಿರ ಬಂದಷ್ಟೂ ಬೆಳಕು ಮೃದುವಾಗುವುದಲ್ಲದೆ ಹಿಂದಿನ ಗೋಡೆ ಹೋಲಿಕೆಯಲ್ಲಿ ಕಪ್ಪಾಗಿ ಮುಖವು ಎದ್ದು ಕಾಣುತ್ತದೆ. ದೂರ ಹೋದಂತೆ ಬೆಳಕು ಕುಗ್ಗುತ್ತದೆ, ನೆರಳು ಗಡುಸಾಗುತ್ತದೆ, ಆದರೆ ಮುಖ ಮತ್ತು ಹಿನ್ನೆಲೆಗಳ ನಡುವಿನ ಅಂತರ ತಗ್ಗುತ್ತದೆ.

ಮುಖ ತಿರುಗುವ ಕೋನವೂ ಅಷ್ಟೇ ಮುಖ್ಯ:

* ಕಿಟಕಿಗೆ ಎದುರಾಗಿ: ನೆರಳು ಕಡಿಮೆ. ಚರ್ಮದ ಸಣ್ಣ ಕಲೆಗಳು ಮರೆಯಾಗುತ್ತವೆ. ಮುಖದ ಉಬ್ಬುತಗ್ಗುಗಳೂ ಮಸುಕಾಗುತ್ತವೆ.
* ಸುಮಾರು 45 ಡಿಗ್ರಿ ಓರೆಯಾಗಿ: ದೂರದ ಕೆನ್ನೆಯ ಮೇಲೆ ಚಿಕ್ಕ ತ್ರಿಕೋನಾಕಾರದ ಬೆಳಕು ಮೂಡಬಹುದು. 17ನೇ ಶತಮಾನದ ಡಚ್ ಚಿತ್ರಕಾರನ ಹೆಸರಿನಿಂದ ಇದನ್ನು ರೆಂಬ್ರಾಂಟ್ ಬೆಳಕು ಎನ್ನುತ್ತಾರೆ.
* ಕಿಟಕಿಯು ಪಕ್ಕದಲ್ಲಿ: ಅರ್ಧ ಮುಖ ಬೆಳಕು, ಅರ್ಧ ನೆರಳು. ಗಂಭೀರ ಭಾವಕ್ಕೆ ಹೊಂದುತ್ತದೆ.
* ಕಿಟಕಿಯು ಬೆನ್ನಿಗೆ: ಕೂದಲಿನ ಅಂಚು ಹೊಳೆಯುತ್ತದೆ, ಮುಖಕ್ಕೆ ಬೇರೆ ಬೆಳಕು ಒದಗಿಸದಿದ್ದರೆ ಕಪ್ಪು ಆಕೃತಿ ಮಾತ್ರ ಉಳಿಯುತ್ತದೆ.

ಬೆಳಕು ಕಣ್ಣಿನ ಮಟ್ಟಕ್ಕಿಂತ ತುಸು ಮೇಲಿನಿಂದ ಬಂದರೆ ಸಹಜವಾಗಿ ಕಾಣುತ್ತದೆ. ಕಿಟಕಿ ತಗ್ಗಿನಲ್ಲಿದ್ದರೆ ರೂಪದರ್ಶಿಯನ್ನು ಮಣೆಯ ಮೇಲೆ ಕುಳ್ಳಿರಿಸಬಹುದು. ಮೇಲೆ, ಕೆಳಗೆ ಬೇರೆ ಬೇರೆ ಬಾಗಿಲುಗಳಿರುವ ಹಳೆಯ ಕಿಟಕಿಯಾದರೆ ಕೆಳಗಿನ ಜೋಡಿಯನ್ನು ಮುಚ್ಚಿದರಾಯಿತು. ಎರಡೂ ಕಣ್ಣುಗಳಲ್ಲಿ ಕಿಟಕಿಯ ಪ್ರತಿಬಿಂಬ ಮಿನುಗುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಆ ಮಿನುಗಿಲ್ಲದ ಕಣ್ಣು ನಿರ್ಜೀವವೆನಿಸುತ್ತದೆ.

ನೆರಳನ್ನು ಹದಗೊಳಿಸುವುದು

ಕಿಟಕಿಯ ಎದುರು ಬದಿಯಲ್ಲಿ ಬಿಳಿಯ ಥರ್ಮೋಕೋಲ್ ಹಾಳೆಯೊಂದನ್ನು ನಿಲ್ಲಿಸಿದರೆ ನೆರಳಿನ ಭಾಗಕ್ಕೆ ಬೆಳಕು ಮರಳುತ್ತದೆ. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ನೆರಳು ಇನ್ನಷ್ಟು ದಟ್ಟವಾಗಬೇಕಾದರೆ ಅದೇ ಜಾಗದಲ್ಲಿ ಕಪ್ಪು ಬಟ್ಟೆ ಅಥವಾ ಕರಿಕಂಬಳಿಯನ್ನು ಇಳಿಬಿಡಬೇಕು.

ಬೆಳಕನ್ನು ಮರಳಿಸುವ ಈ ಉಪಾಯವನ್ನು ಭಾರತೀಯ ಚಲನಚಿತ್ರರಂಗ ಎರಡು ಬಗೆಯಲ್ಲಿ ಬಳಸಿಕೊಂಡಿದೆ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕಾಗಿ ಸುಬ್ರತ ಮಿತ್ರ ಅವರು ಸ್ಟುಡಿಯೊದ ಮನೆಯ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಹರಡಿ, ದೀಪಗಳನ್ನು ಅದರತ್ತ ತಿರುಗಿಸಿ, ಅಂಗಳದ ಹಗಲ ಬೆಳಕನ್ನು ಸೃಷ್ಟಿಸಿದರು. ಮೈಸೂರಿನವರಾದ ವಿ.ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ಕನ್ನಡಿಗಳ ಮೂಲಕ ಸ್ಟುಡಿಯೊದೊಳಗೆ ಹಾಯಿಸಿ ಬೆಳಕಿನ ಕೋಲನ್ನೇ ನಿರ್ಮಿಸಿದರು. ಬಟ್ಟೆ ಬೆಳಕನ್ನು ಹರಡುತ್ತದೆ, ಕನ್ನಡಿ ಹಿಡಿದಿಡುತ್ತದೆ. ಮುಖಕ್ಕೆ ಸಾಮಾನ್ಯವಾಗಿ ಬಟ್ಟೆಯ ಮಾರ್ಗವೇ ಹಿತ.

ಕ್ಯಾಮೆರಾ ಹೊಂದಾಣಿಕೆ

ಕೋಣೆಯ ಟ್ಯೂಬ್‌ಲೈಟ್, ಬಲ್ಬುಗಳನ್ನು ಆರಿಸುವುದು ಮೊದಲ ಕೆಲಸ. ಎರಡು ಬಣ್ಣದ ಬೆಳಕು ಬೆರೆತರೆ ಮುಂದೆ ತಿದ್ದುವುದು ಕಷ್ಟ. ಹಸಿರು ಗೋಡೆ, ರೆಡ್ ಆಕ್ಸೈಡ್ ನೆಲಗಳೂ ತಮ್ಮ ಬಣ್ಣವನ್ನು ಗಲ್ಲದ ಕೆಳಗೆ ಚೆಲ್ಲುತ್ತವೆ. ನೆಲಕ್ಕೆ ಬಿಳಿ ಹೊದಿಕೆ ಹಾಸಿದರೆ ಈ ದೋಷ ನಿವಾರಣೆಯಾಗುತ್ತದೆ.

ಬೆಳಕು ಸಾಕಷ್ಟಿರುವ ಕಿಟಕಿಯ ಬಳಿ ಐಎಸ್ಒ 400, ಅಪರ್ಚರ್ ಎಫ್ 2.8, ಷಟರ್ ವೇಗ ಸೆಕೆಂಡಿನ 125ನೇ ಒಂದು ಭಾಗ. ಇದು ಪ್ರಯೋಗಕ್ಕೆ ತೊಡಗಲು ಒಳ್ಳೆಯ ಅಳತೆ. ಫಲಿತಾಂಶ ನೋಡಿ ಬದಲಿಸಿಕೊಳ್ಳಬಹುದು. ಬೆಳಕು ಕಡಿಮೆಯಾದರೆ ಷಟರ್ ವೇಗ ತಗ್ಗಿಸುವ ಬದಲು ಐಎಸ್ಒ ಏರಿಸುವುದು ಲೇಸು. ಅಲುಗಿ ಮಸುಕಾದ ಚಿತ್ರವನ್ನು ಸರಿಪಡಿಸಲಾಗದು. ಹತ್ತಿರದ ಕಣ್ಣಿನ ಮೇಲೆ ಫೋಕಸ್ ಇರಲಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಮುಖವನ್ನು ಮುಟ್ಟಿ ಫೋಕಸ್ ನಿಲ್ಲಿಸಿ, ಬೆಳಕನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು.

ಮೈಬಣ್ಣಕ್ಕೆ ನ್ಯಾಯ

ಕ್ಯಾಮೆರಾದ ಬೆಳಕುಮಾಪಕವು ಎದುರಿನ ದೃಶ್ಯವನ್ನು ಮಧ್ಯಮ ಬೂದು ಬಣ್ಣವೆಂದೇ ಎಣಿಸುತ್ತದೆ. ಕಪ್ಪು ಮೈಬಣ್ಣದವರು ಬಿಳಿ ಗೋಡೆಯ ಮುಂದೆ ನಿಂತಾಗ ಅದು ಗೋಡೆಗೆ ಮಣಿದು ಮುಖವನ್ನು ಇನ್ನೂ ಕಪ್ಪಾಗಿಸುತ್ತದೆ. ಮುಖಕ್ಕೆ ಮಾತ್ರ ಅಳತೆ ಹಿಡಿಯುವುದು ಅಥವಾ ಎಕ್ಸ್‌ಪೋಷರನ್ನು ಕೈಯಾರೆ ಹೊಂದಿಸುವುದು ಇದಕ್ಕೆ ಪರಿಹಾರ.

ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಕ್ ಸಂಸ್ಥೆಯ ‘ಶರ್ಲಿ ಕಾರ್ಡ್’ ಎಂಬ, ಬಿಳಿ ಮಹಿಳೆಯ ಚಿತ್ರವಿದ್ದ ಮಾದರಿಯನ್ನು ಇಟ್ಟುಕೊಂಡು ಪ್ರಯೋಗಾಲಯಗಳು ಬಣ್ಣ ಹೊಂದಿಸುತ್ತಿದ್ದವು. ಇತರ ಮೈಬಣ್ಣಗಳು ಹಿಂದೆ ಬಿದ್ದವು. ಇಂದು ಅದೇ ಪಕ್ಷಪಾತವನ್ನು ಮೊಬೈಲಿನ ಬ್ಯೂಟಿ ಮೋಡ್ ಬೇರೆ ದಾರಿಯಲ್ಲಿ ಮುಂದುವರಿಸಬಲ್ಲದು. ಅದನ್ನು ಆರಿಸಿಡುವುದೇ ಉಚಿತ. ಕಪ್ಪು ಮೈಬಣ್ಣದ ಸೌಂದರ್ಯವು ಅದರ ಮೇಲೆ ಜಾರುವ ಬೆಳಕಿನ ಹೊಳಪಿನಲ್ಲಿದೆ. ಪಕ್ಕದ ಕಿಟಕಿ ಆ ಹೊಳಪನ್ನು ತಾನಾಗಿಯೇ ಒದಗಿಸುತ್ತದೆ. ಬಿಳಿಚಿಸಿದ ಚಿತ್ರ ಕೊಟ್ಟು ಆಯ್ಕೆಗೆ ಕರೆಬಂದಾಗ ಬೇರೆಯೇ ಮುಖದೊಡನೆ ನಿಲ್ಲಬೇಕಾಗುವುದು ರೂಪದರ್ಶಿಗೇ ಹೊರತು ಛಾಯಾಗ್ರಾಹಕರಿಗಲ್ಲ.

ಒಪ್ಪಿಗೆ

ಚಿತ್ರೀಕರಣ ಮನೆಯೊಳಗೆ ನಡೆಯುವುದರಿಂದ ರೂಪದರ್ಶಿಯು ಬಯಸಿದರೆ ಜೊತೆಗೊಬ್ಬರು ಇರಲು ಅವಕಾಶವಿರಬೇಕು. ಉಡುಪು, ಭಂಗಿಗಳನ್ನು ಮುಂಚಿತವಾಗಿ ಮಾತನಾಡಿಕೊಳ್ಳಬೇಕು. ಚಿತ್ರಗಳು ಎಲ್ಲಿ ಪ್ರಕಟವಾಗುತ್ತವೆ, ಯಾರ ಬಳಿ ಉಳಿಯುತ್ತವೆ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕುವುದು ಕ್ಷೇಮ. 18 ವರ್ಷದೊಳಗಿನವರಾದರೆ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಕೈಗೆತ್ತಿಕೊಳ್ಳಬಾರದು.