ಸರಿದ ರೇಖೆ, ಸರಿಯದ ಇಳಿಜಾರು

ಸರಳರೇಖೆಯೊಂದನ್ನು ಬಲಕ್ಕೆ 3 ಮಾನ ಸರಿಸಿದರೆ ಅದರ ಸಮೀಕರಣದಲ್ಲಿ ಎಕ್ಸ್ ಇದ್ದಲ್ಲಿ 'ಎಕ್ಸ್ − 3' ಬರುತ್ತದೆ. ಮುಂದಕ್ಕೆ ಹೋದದ್ದಕ್ಕೆ ಕಳೆಯುವ ಚಿಹ್ನೆ ಏಕೆ ಎಂದು ತಬ್ಬಿಬ್ಬಾಗುವ ವಿದ್ಯಾರ್ಥಿಯನ್ನು ದಡ್ಡನೆನ್ನಲಾಗದು. ಸರಿದದ್ದು ರೇಖೆಯೋ ಅಕ್ಷವೋ ಎಂಬ ಪ್ರಶ್ನೆ ಆ ಚಿಹ್ನೆಯೊಳಗೆ ಅಡಗಿದೆ. ಈ ವಿಷಯ ಬೆಳೆದು ಬಂದದ್ದು ಅಕ್ಷ ಸರಿಸುವ ಕಡೆಯಿಂದ; ನಾವು ಕಲಿಸುವುದು ರೇಖೆ ಸರಿಸುವ ಕಡೆಯಿಂದ.

1637ರಲ್ಲಿ ದೆಕಾರ್ತ್ ತನ್ನ ರೇಖಾಗಣಿತವನ್ನು ಅಚ್ಚು ಹಾಕಿಸಿದಾಗ ಇಂದಿನ ಜೋಡಿ ಅಕ್ಷಗಳಿರಲಿಲ್ಲ, ಒಂದು ಆಧಾರರೇಖೆಯಷ್ಟೇ ಇತ್ತು. ಅದೇ ಕಾಲದಲ್ಲಿ ಫರ್ಮಾ ಬರೆದ ಹಸ್ತಪ್ರತಿ, ಅವನು ತೀರಿಕೊಂಡ ಮೇಲೆ 1679ರಲ್ಲಿ ಮುದ್ರಣ ಕಂಡದ್ದು, ಒಂದನೇ ಘಾತದ ಸಮೀಕರಣವೆಂದರೆ ಸರಳರೇಖೆ ಎಂದು ಸ್ಪಷ್ಟವಾಗಿ ಹೇಳಿತು. ತೊಡಕಿನ ಸಮೀಕರಣಗಳನ್ನು ಆಧಾರ ಬದಲಿಸಿ ಹಗುರ ಮಾಡುವ ಉಪಾಯವೂ ಅದರಲ್ಲಿದೆ. ಆ ಉಪಾಯವನ್ನು ಕ್ರಮಬದ್ಧ ವಿಧಾನವಾಗಿಸಿದವನು ಹಾಲೆಂಡಿನ ಯಾನ್ ಡಿ ವಿಟ್. ಆಡಳಿತದ ಚುಕ್ಕಾಣಿ ಹಿಡಿದಿದ್ದ ಈತ 1672ರಲ್ಲಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕಿ ಸತ್ತ. ಋಣಸಂಖ್ಯೆಗೆ ನಕ್ಷೆಯಲ್ಲಿ ಇನ್ನೂ ಜಾಗವಿರಲಿಲ್ಲವಾದ್ದರಿಂದ, ಮೇಲೆ ಸರಿದ ರೇಖೆ, ಕೆಳಗೆ ಸರಿದ ರೇಖೆ, ಇಳಿಯುವ ರೇಖೆ ಎಲ್ಲವೂ ಅವನಿಗೆ ಬೇರೆ ಬೇರೆ ಪ್ರಕರಣಗಳು. ನ್ಯೂಟನ್ 1704ರ ಕೃತಿಯಲ್ಲಿ ಋಣ ನಿರ್ದೇಶಾಂಕಗಳನ್ನು ಸಲೀಸಾಗಿ ಬಳಸಿದ ಮೇಲೆ ಇವೆಲ್ಲ ಒಂದೇ ಸೂತ್ರದಡಿ ಬರುವ ದಾರಿ ತೆರೆಯಿತು. 1784ರಲ್ಲಿ ಪ್ರಕಟವಾದ ಮೊಂಜ್‌ನ ಲೇಖನದಲ್ಲಿ ಒಂದು ಬಿಂದು ಮತ್ತು ಇಳಿಜಾರಿನಿಂದ ರೇಖೆಯನ್ನು ಬರೆಯುವ ರೂಪ ಕಾಣಿಸುತ್ತದೆ. ನನ್ನ ಮಟ್ಟಿಗೆ ಸರಿಸುವಿಕೆಯನ್ನು ಬಚ್ಚಿಡದೆ ತೋರುವ ರೂಪ ಇದೇ.

'ಬಲಕ್ಕೆ ಕಳೆ, ಎಡಕ್ಕೆ ಕೂಡು' ಎಂದು ಬಾಯಿಪಾಠ ಮಾಡಿದರೆ ಸಾಲದೇ ಎನ್ನುವವರಿದ್ದಾರೆ. ಉತ್ತರ ಬರುತ್ತದೆ, ನಿಜ; ಅರ್ಥ ಬರುವುದಿಲ್ಲ. ವೈ = 2ಎಕ್ಸ್ ರೇಖೆಯ ಮೇಲಿನ (1, 2) ಬಿಂದು ಬಲಕ್ಕೆ 3 ಸರಿದು (4, 2) ಆಯಿತೆನ್ನಿ. ಸಮೀಕರಣ ಎಂಬುದು ಬಿಂದುಗಳಿಗೆ ಒಡ್ಡುವ ಪರೀಕ್ಷೆ. ಹೊಸ ಬಿಂದುವನ್ನು ಹಳೆಯ ಪರೀಕ್ಷೆಗೆ ಕೂರಿಸಬೇಕಾದರೆ 4ರಲ್ಲಿ 3 ಕಳೆದು ಅದನ್ನು ಹಿಂದಿನ ಜಾಗಕ್ಕೆ ಕರೆತರಬೇಕು. ಕಳೆಯುವ ಚಿಹ್ನೆ ಹುಟ್ಟುವುದು ಅಲ್ಲಿ. ಬಿಡಿಸಿ ಬರೆದರೆ ವೈ = 2ಎಕ್ಸ್ − 6. ಮೂಲ ರೇಖೆಯನ್ನು 6 ಮಾನ ಕೆಳಗಿಳಿಸಿದರೂ ಇದೇ ಸಮೀಕರಣ ಬರುತ್ತದೆ. ಬಲಕ್ಕೆ 1, ಮೇಲಕ್ಕೆ 2 ಸರಿಸಿದರಂತೂ ರೇಖೆ ತನ್ನ ಮೇಲೆಯೇ ಜಾರುತ್ತದೆ, ಸಮೀಕರಣ ಬದಲಾಗುವುದೇ ಇಲ್ಲ. ಹಾಗಾಗಿ ಸಮೀಕರಣ ನೋಡಿ ರೇಖೆ ಯಾವ ದಾರಿಯಲ್ಲಿ ಬಂತೆಂದು ಹೇಳಲಾಗದು. ಹಾಗಿದ್ದರೆ ಮೇಲೆ ಕೆಳಗೆ ಸರಿಸುವುದನ್ನಷ್ಟೇ ಕಲಿಸಿದರೆ ಆಯಿತಲ್ಲ ಎಂಬ ವಾದವೂ ಉಂಟು. ಎಕ್ಸ್ = 5 ಎಂಬ ಲಂಬರೇಖೆಯ ಮುಂದೆ ಅದು ಸೋಲುತ್ತದೆ: ಎಷ್ಟು ಏರಿಸಿದರೂ ಅದು ಅಲ್ಲೇ ಇರುತ್ತದೆ, ಬಲಕ್ಕೆ 2 ಸರಿಸಿದಾಗ ಮಾತ್ರ ಎಕ್ಸ್ = 7 ಆಗುತ್ತದೆ. ಎರಡನ್ನೂ ಒಳಗೊಳ್ಳುವುದು ಸಾಮಾನ್ಯ ರೂಪ. 3ಎಕ್ಸ್ + 4ವೈ − 12 = 0 ರೇಖೆಯನ್ನು ಬಲಕ್ಕೆ 2, ಮೇಲಕ್ಕೆ 1 ಸರಿಸಿದರೆ 3ಎಕ್ಸ್ + 4ವೈ − 22 = 0. ಇಳಿಜಾರನ್ನು ಹಿಡಿದಿಟ್ಟ 3, 4 ಅಲುಗಾಡಿಲ್ಲ. 12 ಇದ್ದಲ್ಲಿ 22 ಬಂದಿದೆ.